ಮಾವನ ಹೆಸರಿಲ್ಲದ ಜಪಾನ್ ಗಿಟಾರ್: ಏನು ಸರಿಪಡಿಸಲಿ, ಏನು ಹಾಗೇ ಬಿಡಲಿ?

ಪ್ರಶ್ನೆ: ಅಟ್ಟದ ಗಿಟಾರ್

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಸೋದರಮಾವ ಹೋದ ವರ್ಷ ತೀರಿಕೊಂಡರು. ಅವರ ಎಲೆಕ್ಟ್ರಿಕ್ ಗಿಟಾರನ್ನು ಅತ್ತೆ ನನ್ನನ್ನೇ ಕರೆದು ಕೊಟ್ಟರು. ನಾನು ಗಿಟಾರ್ ಹಿಡಿದು ನಾಲ್ಕು ವರ್ಷ ಆಯಿತು. ಆದರೆ ನುಡಿಸಿದ್ದೆಲ್ಲ ಹೊಸ ಗಿಟಾರಿನಲ್ಲೇ. ಹಳೆಯದನ್ನು ಮುಟ್ಟಿದ್ದು ಇದೇ ಮೊದಲು.

ಗಿಟಾರಿನ ತಲೆಯ ಮೇಲೆ ಹೆಸರಿಲ್ಲ. ಹೆಸರಿನ ಪಟ್ಟಿ ಬಿದ್ದುಹೋಗಿ ಎರಡು ಸಣ್ಣ ತೂತು ಮಾತ್ರ ಉಳಿದಿವೆ. ಹಿಂದೆ, ನೆಕ್ (ಗಿಟಾರಿನ ಉದ್ದ ಕತ್ತು) ಸೇರುವ ಜಾಗದಲ್ಲಿ ಒಂದು ತಗಡಿದೆ. ಅದರ ಮೇಲೆ ‘ಸ್ಟೀಲ್ ರೀಇನ್‌ಫೋರ್ಸ್ಡ್ ನೆಕ್’, ‘ಮೇಡ್ ಇನ್ ಜಪಾನ್’ ಎಂದು ಒತ್ತಿದ್ದಾರೆ. ತಂತಿಯ ನಡುಕ ಹಿಡಿದು ಆಂಪ್‌ಗೆ ಕಳಿಸುವ ಪಿಕಪ್ ಎರಡು. ಎರಡರ ಮುಖದಲ್ಲೂ ಚಿನ್ನದ ಬಣ್ಣದ ಹಾಳೆ ಕಾಣುತ್ತದೆ. ಒಂದೊಂದಕ್ಕೂ ಒಂದೊಂದು ಸ್ವಿಚ್, ಗೋಡೆಯ ಲೈಟ್ ಸ್ವಿಚ್ಚಿನ ಹಾಗೆ ಆ ಕಡೆ ಈ ಕಡೆ ಒತ್ತುವಂಥದ್ದು. ತಲೆಯ ಬುಡದಲ್ಲಿ ತಂತಿಗಳು ಕೂರುವ ಸೀಳಿನ ಪಟ್ಟಿ, ಅಂದರೆ ನಟ್, ಅದರ ಪಕ್ಕದಲ್ಲೇ ಒಂದು ಹೆಚ್ಚುವರಿ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಗೆರೆ), ಜೀರೋ ಫ್ರೆಟ್ ಇದೆ. ಶ್ರುತಿ ಅಲುಗಿಸುವ ಕೋಲೂ ಇದೆ.

ಈಗ ತೊಂದರೆಗಳು. ಹನ್ನೆರಡನೇ ಫ್ರೆಟ್‌ನಲ್ಲಿ ದಪ್ಪ ತಂತಿ 4 ಮಿ.ಮೀ. ಮೇಲಿದೆ. ಐದನೇ ಫ್ರೆಟ್ ದಾಟಿದರೆ ಬೆರಳು ನೋಯುತ್ತದೆ. ತಂತಿಗಳ ಇನ್ನೊಂದು ತುದಿಯನ್ನು ಹೊರುವ ಬ್ರಿಡ್ಜ್ ಆಗಲೇ ತಳ ಮುಟ್ಟಿದೆ, ಇನ್ನು ಇಳಿಯುವುದಿಲ್ಲ. ತಂತಿ ಬಿಟ್ಟು ನುಡಿಸಿದರೆ ಶ್ರುತಿ ಸರಿ ಇರುತ್ತದೆ, ಕಾರ್ಡ್ (ಹಲವು ಸ್ವರ ಒಟ್ಟಿಗೆ) ಹಿಡಿದರೆ ಮೂರನೇ ತಂತಿ (ತೆಳ್ಳನೆಯದರಿಂದ ಎಣಿಸಿ) ಮಾತ್ರ ಮೇಲೆ ಹೋಗುತ್ತದೆ. ಸ್ವಲ್ಪ ಜೋರು ಮಾಡಿದರೆ ಕಿರ್ ಎಂದು ಕೂಗುತ್ತದೆ. ಪಿಕಪ್ ಮೇಲೆ ಉಗುರಿನಿಂದ ತಟ್ಟಿದರೂ ಆಂಪ್‌ನಲ್ಲಿ ಕೇಳುತ್ತದೆ. ಕೋಲು ಒಮ್ಮೆ ಮುಟ್ಟಿದರೆ ಆರೂ ತಂತಿ ಹಾಳು. ವಾಲ್ಯೂಮ್ ತಿರುಗಿಸಿದರೆ ಗರಗರ. ಇದರ ಜೊತೆ ಸದಾ ಒಂದು ಗುಂಯ್ ಸದ್ದು.

ರಿಪೇರಿಗೆ ತೆಗೆದುಕೊಂಡು ಹೋದೆ. ಅಲ್ಲಿದ್ದವರು ತಂತಿ ಕೂಡ ಮುಟ್ಟಲಿಲ್ಲ. ‘ಪಿಕಪ್ ಎರಡನ್ನೂ ತೆಗೆದು ಬೇರೆ ಹಾಕೋಣ, ನೆಕ್ ಕೂಡ ಬೇರೆ ಹಾಕೋಣ’ ಎಂದರು. ಹಾಗೆ ಮಾಡಿದರೆ ಮಾವನ ಗಿಟಾರ್ ಅಂತ ಏನು ಉಳಿಯುತ್ತದೆ? ಚಿಕ್ಕವಳಿದ್ದಾಗ ಅವರ ಕೋಣೆಯ ಬಾಗಿಲಲ್ಲಿ ಕೂತು ಕೇಳುತ್ತಿದ್ದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋಗುವಂಥ, ಸ್ವಲ್ಪ ಒರಟಾದ ನಾದ ಅದು. ನನಗೆ ಬೇಕಾಗಿರುವುದು ಅದೇ.

ಇನ್ನೊಂದು ವಿಷಯ. ಜೊತೆಗೆ ಒಂದು ಸಣ್ಣ ಹಳೇ ವಾಲ್ವ್ (ಗಾಜಿನ ಕೊಳವೆ) ಆಂಪ್ ಕೂಡ ಬಂದಿದೆ. ಅದನ್ನು ಇನ್ನೂ ಹಾಕಿ ನೋಡಿಲ್ಲ. ಈಗ ನುಡಿಸುತ್ತಿರುವುದು ನನ್ನ ಹೊಸ ಆಂಪ್‌ನಲ್ಲಿ.

---

ಉತ್ತರ: ತುಟಿಬಣ್ಣ

ಮೊದಲು ಆಂಪ್ ವಿಷಯ, ಯಾಕೆಂದರೆ ಇದು ಜೀವದ ಪ್ರಶ್ನೆ. ದಯವಿಟ್ಟು ಅದನ್ನು ಪ್ಲಗ್‌ಗೆ ಹಾಕಬೇಡಿ.

ಆ ಕಾಲದ ಅಗ್ಗದ ಸಣ್ಣ ಆಂಪ್‌ಗಳಲ್ಲಿ ಎಷ್ಟೋ ಕಡೆ ಪವರ್ ಟ್ರಾನ್ಸ್‌ಫಾರ್ಮರ್ ಇರುವುದೇ ಇಲ್ಲ. ಖರ್ಚು ಉಳಿಸಲು ವಾಲ್ವ್‌ಗಳ ಹೀಟರ್‌ಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ನೇರವಾಗಿ ಕರೆಂಟಿಗೆ ಕೊಟ್ಟುಬಿಡುತ್ತಿದ್ದರು. ಅಂಥದ್ದರಲ್ಲಿ ಗೋಡೆಯ ಕರೆಂಟು ಚಾಸಿಗೆ, ಅಂದರೆ ಆಂಪ್ ಒಳಗಿನ ಲೋಹದ ಚೌಕಟ್ಟಿಗೆ, ಬರಬಹುದು. ಚಾಸಿಯಿಂದ ಕೇಬಲ್, ಕೇಬಲ್‌ನಿಂದ ಬ್ರಿಡ್ಜ್, ಬ್ರಿಡ್ಜ್‌ನಿಂದ ತಂತಿ, ತಂತಿಯಿಂದ ನಿಮ್ಮ ಕೈ. ವಾಲ್ವ್ ಮೇಲಿನ ನಂಬರ್ ನೋಡಿ. 50ಸಿ5, 35ಡಬ್ಲ್ಯು4 ತರಹದ್ದು ಕಂಡರೆ ಅದು ಇದೇ ಜಾತಿ ಎಂದುಕೊಳ್ಳಿ. ಆ 50, 35 ಅನ್ನುವುದು ಹೀಟರಿಗೆ ಬೇಕಾದ ವೋಲ್ಟ್. ವಾಲ್ವ್ ಕೆಲಸ ಗೊತ್ತಿರುವವರಿಂದ ಗೋಡೆಯ ಕರೆಂಟನ್ನು ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್, ಅರ್ಥ್ ಇರುವ ಮೂರು ಪಿನ್ನಿನ ವೈರ್ ಹಾಕಿಸಿ. ಅಲ್ಲಿಯವರೆಗೆ ಅದು ಸುಮ್ನೆ ಕೂತಿರಲಿ. ನೀವಾಗಿ ಒಳಗೆ ಕೈ ಹಾಕಬೇಡಿ. ಆಫ್ ಮಾಡಿದ ಮೇಲೂ ಕೆಪಾಸಿಟರ್‌ಗಳಲ್ಲಿ ಹೊಡೆಯುವಷ್ಟು ಕರೆಂಟ್ ಉಳಿದಿರುತ್ತದೆ.

ಹೆಸರಿನ ಬಗ್ಗೆ: ಚಿನ್ನದ ಹಾಳೆ, ಒತ್ತುವ ಸ್ವಿಚ್, ಜೀರೋ ಫ್ರೆಟ್ ಎಲ್ಲ ಸೇರಿದರೆ 1960ರ ದಶಕದ ಟೀಸ್ಕೋ ನೆನಪಾಗುತ್ತದೆ. 1946ರಲ್ಲಿ ಟೋಕಿಯೋದಲ್ಲಿ ಶುರುವಾದ ಕಂಪನಿ ಅದು. 1967ರಲ್ಲಿ ಕವಾಯ್ ಕೊಂಡುಕೊಂಡಿತು. ಆದರೆ ಆಗ ಒಂದೇ ಕಾರ್ಖಾನೆಯ ಗಿಟಾರ್ ಬೇರೆ ಬೇರೆ ಅಂಗಡಿಗಳ ಹೆಸರಿನಲ್ಲಿ ಹೋಗುತ್ತಿತ್ತು. ಒಂದೇ ತರಹದ ಬಿಡಿಭಾಗ ಹಲವು ಹೆಸರಿನ ಗಿಟಾರ್‌ಗಳಲ್ಲಿ ಸಿಗುತ್ತವೆ. ಹೆಸರು ಹುಡುಕುವುದರಲ್ಲಿ ತಿಂಗಳು ಕಳೆಯಬೇಡಿ.

---

ಉತ್ತರ: ಮೂರನೇ ತಂತಿ

ನಿಮ್ಮ ಪ್ರಶ್ನೆ ಓದಿ ಸಂತೋಷವಾಯಿತು. ಪಿಕಪ್ ತೆಗೆಸದೆ ವಾಪಸ್ ತಂದಿರಲ್ಲ, ಅಷ್ಟು ಸಾಕು. ಉಳಿದಿದ್ದೆಲ್ಲ ಮಾಡಬಹುದು.

ನನ್ನ ಮೊದಲ ಎಲೆಕ್ಟ್ರಿಕ್ ಇಂಥದ್ದೇ. ಅಣ್ಣನಿಂದ ಬಂದದ್ದು, 22 ವರ್ಷದಿಂದ ನನ್ನ ಜೊತೆ ಇದೆ. ಸ್ನೇಹಿತರಿಗಾಗಿ ಹತ್ತು ಹನ್ನೊಂದು ಇಂಥ ಗಿಟಾರ್ ಬಿಚ್ಚಿ ಜೋಡಿಸಿದ್ದೇನೆ. ಅಷ್ಟರಿಂದ ಒಂದು ವಿಷಯ ಗೊತ್ತಾಗಿದೆ. ಇವುಗಳ ದೋಷಗಳಲ್ಲಿ ಎರಡು ಬಗೆ. ಕೆಲವು ನುಡಿಸುವವರ ಕೈಗೆ ಅಡ್ಡ ಬರುತ್ತವೆ, ಅವನ್ನು ಸರಿಪಡಿಸಲೇಬೇಕು. ಇನ್ನು ಕೆಲವು ಆ ನಾದದ ಒಳಗೇ ಇರುತ್ತವೆ. ಅವನ್ನು ತೆಗೆದರೆ ನಾದವೂ ಹೋಗುತ್ತದೆ.

ಆಕ್ಷನ್‌ನಿಂದ, ಅಂದರೆ ತಂತಿಯ ಎತ್ತರದಿಂದ, ಶುರು ಮಾಡಿ, ಉಳಿದ ಅರ್ಧ ತೊಂದರೆ ಅದರ ಮೇಲೇ ನಿಂತಿದೆ. ‘ಸ್ಟೀಲ್ ರೀಇನ್‌ಫೋರ್ಸ್ಡ್’ ಅಂದರೆ ನೆಕ್ ಒಳಗೆ ಉಕ್ಕಿನ ಪಟ್ಟಿ ಇದೆ ಅಂತ. ಬಾಗು ತಿದ್ದಲು ತಿರುಗಿಸುವ ಟ್ರಸ್ ರಾಡ್ ಇದೆ ಅಂತ ಅಲ್ಲ. ತಲೆಯ ಹತ್ತಿರ ಅದನ್ನು ತಿರುಗಿಸುವ ಸ್ಕ್ರೂ ಏನೂ ಕಾಣದಿದ್ದರೆ ನೆಕ್‌ನ ಬಾಗನ್ನು ಹೊರಗಿನಿಂದ ಬದಲಿಸಲು ದಾರಿ ಇಲ್ಲ. ಹತ್ತರ ಸೆಟ್ (ಅತಿ ತೆಳ್ಳನೆಯ ತಂತಿ 0.010 ಇಂಚು) ಹಾಕಿದರೆ ಆರು ತಂತಿ ಸೇರಿ ಸುಮಾರು 45 ಕೆ.ಜಿ. ಎಳೆಯುತ್ತವೆ. ಅಷ್ಟು ಎಳೆತವನ್ನು ಈ ಮರ ಐವತ್ತು ಅರವತ್ತು ವರ್ಷದಿಂದ ತಡೆದುಕೊಂಡು ಬಂದಿದೆ.

ಹಾಗಾಗಿ ಮೊದಲು ನೆಕ್ ಎಷ್ಟು ಬಾಗಿದೆ ನೋಡಿ. ಮೊದಲ ಫ್ರೆಟ್‌ನಲ್ಲಿ ಕ್ಯಾಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್) ಹಾಕಿ, ದಪ್ಪ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿಯಿರಿ. ಏಳು ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ಎಷ್ಟು ಸಂದು ಇದೆ? ಒಂದು ವಿಸಿಟಿಂಗ್ ಕಾರ್ಡ್ ದಪ್ಪ, ಅಂದರೆ ಸುಮಾರು 0.3 ಮಿ.ಮೀ. ಇದ್ದರೆ ನೆಕ್ ಚೆನ್ನಾಗಿದೆ. ಒಂದು ಮಿ.ಮೀ. ದಾಟಿದ್ದರೆ ಅದು ನುರಿತವರ ಕೆಲಸ, ನನ್ನ ಮುಂದಿನ ಮಾತು ಆಗ ನಡೆಯುವುದಿಲ್ಲ.

ನೆಕ್ ನೇರ ಇದ್ದೂ ತಂತಿ ಎತ್ತರ ಇದ್ದರೆ, ನೆಕ್ ಕೂತಿರುವ ಕೋನ ತಪ್ಪಿದೆ ಎಂದರ್ಥ. ಇದು ಈ ಗಿಟಾರ್‌ಗಳಲ್ಲಿ ತುಂಬಾ ಸಾಮಾನ್ಯ. ತಂತಿ ಪೂರ್ತಿ ಸಡಿಲ ಮಾಡಿ. ಹಿಂದಿನ ನಾಲ್ಕು ಸ್ಕ್ರೂ ತೆಗೆದು ನೆಕ್ ಬಿಚ್ಚಿ. ನೆಕ್ ಕೂರುವ ಗುಂಡಿಯಲ್ಲಿ, ಬ್ರಿಡ್ಜ್ ಕಡೆಯ ತುದಿಗೆ ಮಾತ್ರ ವಿಸಿಟಿಂಗ್ ಕಾರ್ಡಿನ ಪಟ್ಟಿ ಇಡಿ. ಆಗ ತಲೆ ಸ್ವಲ್ಪ ಹಿಂದಕ್ಕೆ ವಾಲುತ್ತದೆ, ತಂತಿ ಕೆಳಗೆ ಬರುತ್ತದೆ. ಇಂಥ ಗಿಟಾರಿನಲ್ಲಿ ಅರ್ಧ ಮಿ.ಮೀ. ಪಟ್ಟಿ ಇಟ್ಟರೆ ಹನ್ನೆರಡನೇ ಫ್ರೆಟ್‌ನಲ್ಲಿ ಹತ್ತಿರಹತ್ತಿರ 0.9 ಮಿ.ಮೀ. ಇಳಿಯುತ್ತದೆ. ಇಷ್ಟು ಸಣ್ಣ ಕಾಗದ ಇಷ್ಟೊಂದು ಬದಲಾವಣೆ ಮಾಡುತ್ತದಾ ಎಂದು ನನಗೆ ಇವತ್ತಿಗೂ ಆಶ್ಚರ್ಯ. ಕೊನೆಗೆ ಅಳತೆ ಸರಿ ಬಂದ ಮೇಲೆ, ಗುಂಡಿಯಷ್ಟೇ ಉದ್ದದ ಇಳಿಜಾರಿನ ಮರದ ಪಟ್ಟಿ ಹಾಕಿಸಿದರೆ ಒಳ್ಳೆಯದು. ಸ್ಕ್ರೂ ಬಿಗಿಯುವಾಗ ಜೋರು ಬೇಡ. ಮರ ಮೆತ್ತಗಿರುತ್ತದೆ, ತೂತು ಸವೆದರೆ ಮರದ ಗೋಂದು, ಹಲ್ಲುಕಡ್ಡಿ ಹಾಕಿ ತುಂಬಬೇಕಾಗುತ್ತದೆ.

ಈಗ ಮೂರನೇ ತಂತಿ. ನಾನು ಈ ಹೆಸರು ಇಟ್ಟುಕೊಂಡಿರುವುದೇ ಇದಕ್ಕೆ. ಮೂರು ವರ್ಷ ನನ್ನ ಗಿಟಾರಿನ ಬ್ರಿಡ್ಜನ್ನು ಬೈದುಕೊಂಡೆ. ಆಮೇಲೆ ತಿಳಿಯಿತು, ತಪ್ಪು ಬ್ರಿಡ್ಜಿನದಲ್ಲ, ನಾನು ಹಾಕಿದ ತಂತಿಯದು. ಈ ಗಿಟಾರ್ ಮಾಡಿದ ಕಾಲದಲ್ಲಿ ಮೂರನೇ ತಂತಿ ಸಾಮಾನ್ಯವಾಗಿ ಸುತ್ತಿದ ತಂತಿಯೇ ಆಗಿರುತ್ತಿತ್ತು. ಒಳಗೆ ತೆಳ್ಳನೆಯ ಉಕ್ಕು, ಮೇಲೆ ಸುತ್ತು. ಈಗಿನ ಸೆಟ್‌ಗಳಲ್ಲಿ ಅದು ಬರೀ ಉಕ್ಕಿನ ತಂತಿ. ಉಕ್ಕು ದಪ್ಪವಾದಷ್ಟೂ ಒತ್ತಿದಾಗ ಶ್ರುತಿ ಜಾಸ್ತಿ ಏರುತ್ತದೆ. ಹೊಸ ಗಿಟಾರಿನಲ್ಲಿ ಬ್ರಿಡ್ಜ್ ಮೇಲೆ ಆ ತಂತಿ ಕೂರುವ ಸ್ಯಾಡಲ್ ಮಾತ್ರ ಹಿಂದಕ್ಕೆ ಸರಿಸಿ ಸರಿ ಮಾಡುತ್ತೇವೆ. ನಿಮ್ಮದರಲ್ಲಿ ಸ್ಯಾಡಲ್ ಬೇರೆ ಬೇರೆ ಸರಿಯುವುದಿಲ್ಲ, ಅಲ್ವಾ? ಒಂದೇ ತುಂಡು, ಅಥವಾ ಮೆಟ್ಟಿಲು ಕಡೆದ ಪಟ್ಟಿ. ಆ ಮೆಟ್ಟಿಲು ಕಡೆದಿರುವುದು ಸುತ್ತಿದ ಮೂರನೇ ತಂತಿಗೆ. ಒಂಬತ್ತರ ಅಥವಾ ಹತ್ತರ ಸೆಟ್ ಹಾಕಿ, ಮೂರನೆಯದನ್ನು ಮಾತ್ರ ಬಿಡಿಯಾಗಿ 0.018 ಅಥವಾ 0.020 ಇಂಚಿನ ಸುತ್ತಿದ ತಂತಿ ತಂದು ಹಾಕಿ. ಕಾರ್ಡ್ ಹಿಡಿದಾಗ ವ್ಯತ್ಯಾಸ ನಿಮಗೇ ಕೇಳುತ್ತದೆ. ಆದರೆ ಆಕ್ಷನ್ ಇಳಿಸಿದ ಮೇಲೆ ಮಾತ್ರ ಇದನ್ನು ನೋಡಿ. 4 ಮಿ.ಮೀ. ಎತ್ತರದಿಂದ ತಂತಿ ಒತ್ತಿದರೆ ಯಾವ ತಂತಿಯಾದರೂ ಮೇಲೆ ಹೋಗುತ್ತದೆ. ಬ್ರಿಡ್ಜ್ ಸ್ಕ್ರೂ ಹಾಕದೆ ಸುಮ್ಮನೆ ಕೂತಿದ್ದರೆ, ಜೀರೋ ಫ್ರೆಟ್‌ನಿಂದ ಹನ್ನೆರಡನೇ ಫ್ರೆಟ್‌ವರೆಗೆ ಅಳೆದು ಎರಡು ಪಟ್ಟು ಮಾಡಿ, ಅದಕ್ಕಿಂತ ಕೊಂಚ ಹಿಂದೆ ಇಡಿ. ಅಳತೆ ಜೀರೋ ಫ್ರೆಟ್‌ನಿಂದ, ನಟ್‌ನಿಂದ ಅಲ್ಲ. ಇಲ್ಲಿ ನಟ್ ತಂತಿಗಳನ್ನು ಬೇರೆ ಬೇರೆ ಇಡುತ್ತದೆ ಅಷ್ಟೇ.

ಕೋಲು: ನಟ್‌ನ ಸೀಳುಗಳಲ್ಲಿ ಪೆನ್ಸಿಲ್ ಸೀಸ ತಿಕ್ಕಿ. ನಟ್ ಹಿಂದೆ ತಂತಿಗಳನ್ನು ಕೆಳಗೆ ಒತ್ತುವ ಅಡ್ಡಪಟ್ಟಿ ಇದ್ದರೆ ಅದರ ಸ್ಕ್ರೂ ಅರ್ಧ ಸುತ್ತು ಸಡಿಲ ಮಾಡಿ. ಶ್ರುತಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೇ ತನ್ನಿ. ಇಷ್ಟಾದರೂ ಅದು ಮೆಲ್ಲಗೆ ಅಲುಗಿಸಲು ಮಾತ್ರ. ಹಾರುವಂಥ ನುಡಿಸುವಿಕೆಗೆ ಅದನ್ನು ಮಾಡಿಲ್ಲ.

ಗರಗರ ಸದ್ದಿಗೆ ಕಾಂಟ್ಯಾಕ್ಟ್ ಕ್ಲೀನರ್. ವಾಲ್ಯೂಮ್ ನಾಬ್ ಕೆಳಗಿನ ಪಾಟ್ ಒಳಗೆ ಒಂದು ಹನಿ ಸಿಂಪಡಿಸಿ ಇಪ್ಪತ್ತು ಸಲ ತಿರುಗಿಸಿ. ಸ್ವಿಚ್‌ಗೂ ಹಾಗೆ.

ಗುಂಯ್ ಸದ್ದು ಪೂರ್ತಿ ಹೋಗುವುದಿಲ್ಲ, ಇವು ಸಿಂಗಲ್ ಕಾಯಿಲ್, ಅಂದರೆ ಒಂದೇ ಸುರುಳಿಯ ಪಿಕಪ್. ತಂತಿ ಮುಟ್ಟಿದಾಗ ಕಡಿಮೆ ಆಗುತ್ತದಾ ನೋಡಿ. ಏನೂ ಬದಲಾಗದಿದ್ದರೆ ಬ್ರಿಡ್ಜ್‌ಗೆ ಹೋಗುವ ಗ್ರೌಂಡ್ ವೈರ್ ಕಡಿದಿರಬಹುದು. ಬೆಸುಗೆ ಹಾಕಿದರೆ ಮುಗಿಯಿತು.

ಇನ್ನು ಪಿಕಪ್. ತಟ್ಟಿದರೆ ಕೇಳುತ್ತದೆ ಎಂದಿರಿ. ಹೌದು, ಅದು ಮೈಕ್ ಆಗಿಯೂ ಕೆಲಸ ಮಾಡುತ್ತಿದೆ. ಸುರುಳಿಯನ್ನು ಮೇಣದಲ್ಲಿ ಅದ್ದಿಲ್ಲ, ಹಾಗಾಗಿ ಸುರುಳಿಯ ಸುತ್ತುಗಳೂ ಮೇಲಿನ ತಗಡೂ ನಡುಗುತ್ತವೆ. ಜೋರು ಮಾಡಿದಾಗ ಕೂಗುವುದು ಅದಕ್ಕೇ. ಆದರೆ ನಿಮ್ಮ ಬೆರಳು ತಂತಿಗೆ ತಾಗುವ ಸದ್ದು, ಮರದ ಸದ್ದು, ಎಲ್ಲ ಒಳಗೆ ಹೋಗುವುದೂ ಅದರಿಂದಲೇ. ನಿಮ್ಮ ಮಾವನ ಕೋಣೆಯಿಂದ ಬರುತ್ತಿದ್ದ ಒರಟು ಅಂದಿರಲ್ಲ, ನನ್ನ ಪ್ರಕಾರ ಅದು ಇಲ್ಲೇ ಇದೆ. ಮುಟ್ಟಬೇಡಿ. ಮೇಲಿನ ಸ್ಕ್ರೂಗಳನ್ನು ಹದವಾಗಿ ಬಿಗಿ ಮಾಡಿ, ಪಿಕಪ್ ಕೆಳಗೆ ತೆಳ್ಳನೆಯ ಫೋಮ್ ಇಡಿ, ಆಂಪ್‌ನಿಂದ ಎರಡು ಹೆಜ್ಜೆ ದೂರ ನಿಲ್ಲಿ. ಅಷ್ಟು ಸಾಕು.

---

ಉತ್ತರ: ಸುರುಳಿ

ಮೂರನೇ ತಂತಿ ಅವರ ಕೊನೆಯ ಮಾತಿಗೆ ನನ್ನ ಅನುಭವ ಸೇರಿಸುತ್ತೇನೆ. ನಾನು ಮೇಣ ಹಾಕಿದವನು.

ನಮ್ಮದು ಐದು ಜನರ ಗುಂಪು, ಡ್ರಮ್ಸ್ ಪಕ್ಕದಲ್ಲೇ ನಿಂತು ಜೋರಾಗಿ ನುಡಿಸುತ್ತೇವೆ. ನನ್ನ ಚಿನ್ನದ ಹಾಳೆಯ ಪಿಕಪ್ ಪ್ರತಿ ಹಾಡಿನಲ್ಲೂ ಕೂಗುತ್ತಿತ್ತು. ಪ್ಯಾರಾಫಿನ್‌ಗೆ ಸ್ವಲ್ಪ ಜೇನುಮೇಣ ಸೇರಿಸಿ, ಬಿಸಿ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು 65 ಡಿಗ್ರಿವರೆಗೆ ಕಾಯಿಸಿದೆ. ಗುಳ್ಳೆ ನಿಲ್ಲುವವರೆಗೆ ಪಿಕಪ್ ಅದರಲ್ಲಿ ಇಟ್ಟೆ. ಕೂಗು ಪೂರ್ತಿ ನಿಂತಿತು. ಗುಂಪಿನಲ್ಲಿ ಈಗ ಆರಾಮಾಗಿ ನುಡಿಸುತ್ತೇನೆ. ಆದರೆ ಮನೆಯಲ್ಲಿ ಒಬ್ಬನೇ ಕೂತು ನುಡಿಸಿದರೆ ಮೊದಲಿದ್ದ ಆ ಬಿಚ್ಚುಮನಸ್ಸಿನ ನಾದ ಇಲ್ಲ. ಇನ್ನೊಂದು ಪಿಕಪ್ಪನ್ನು ಹಾಗೇ ಬಿಟ್ಟಿದ್ದೇನೆ, ಅದಕ್ಕೇ ಎರಡರ ವ್ಯತ್ಯಾಸ ದಿನಾ ಕೇಳುತ್ತದೆ. ಮೇಣ ಒಮ್ಮೆ ಒಳಗೆ ಹೋದರೆ ಪೂರ್ತಿ ವಾಪಸ್ ಬರುವುದಿಲ್ಲ.

ನೀವು ಜೋರಾಗಿ, ಗುಂಪಿನಲ್ಲಿ ನುಡಿಸುವವರಾದರೆ ಇದು ತಪ್ಪಲ್ಲ. ಮನೆಯಲ್ಲಾದರೆ ಬೇಡ.

---

ಉತ್ತರ: ತುಟಿಬಣ್ಣ

ಒಂದು ಮಾತು ಸೇರಿಸಲೇ? ನನ್ನದು ಡ್ಯಾನ್‌ಎಲೆಕ್ಟ್ರೋ ಕಂಪನಿಯ ಗಿಟಾರ್. ಪೋಪ್ಲರ್ ಮರದ ಚೌಕಟ್ಟು, ಮೇಲೆ ಕೆಳಗೆ ಮೇಸನೈಟ್ ಹಲಗೆ, ಅಲ್ಯೂಮಿನಿಯಂ ನಟ್. ಪಿಕಪ್ ಕವರ್ ನಿಜವಾದ ಲಿಪ್‌ಸ್ಟಿಕ್ ಕೊಳವೆ. ಎರಡೂ ಪಿಕಪ್ ಒಟ್ಟಿಗೆ ಹಾಕಿದರೆ ಸೀರೀಸ್‌ನಲ್ಲಿ (ಒಂದರ ಹಿಂದೆ ಒಂದು) ಸೇರುತ್ತವೆ, ಹಾಗಾಗಿ ಸದ್ದು ಒಮ್ಮೆಲೇ ದಪ್ಪವಾಗಿ ಏರುತ್ತದೆ. ಮೊದಲು ಅದು ವೈರಿಂಗ್ ತಪ್ಪು ಅಂದುಕೊಂಡಿದ್ದೆ. ಈಗ ಆ ಏರಿಕೆಗೆ ಜಾಗ ಬಿಟ್ಟುಕೊಂಡೇ ಹಾಡು ಜೋಡಿಸುತ್ತೇನೆ. ನಿಮ್ಮ ಸ್ವಿಚ್‌ಗಳನ್ನೂ ಎಲ್ಲ ಬಗೆಯಲ್ಲಿ ಒತ್ತಿ ಕೇಳಿ. ‘ಕೆಟ್ಟಿದೆ’ ಅಂತ ತೀರ್ಮಾನಿಸುವ ಮೊದಲು ಒಂದು ವಾರ ಕೊಡಿ.

---

ಉತ್ತರ: ಅಟ್ಟದ ಗಿಟಾರ್

ಮೂರು ವಾರ ಆಯಿತು. ಎಲ್ಲರಿಗೂ ತುಂಬಾ ಧನ್ಯವಾದ.

ಆಂಪ್‌ನ ಹಿಂದಿನಿಂದ ಟಾರ್ಚ್ ಹಾಕಿ ನೋಡಿದೆ. ಒಂದರ ಮೇಲೆ 50ಸಿ5 ಅಂತಲೇ ಇದೆ. ಪ್ಲಗ್‌ಗೆ ಟೇಪ್ ಸುತ್ತಿ ಪಕ್ಕಕ್ಕೆ ಇಟ್ಟಿದ್ದೇನೆ. ತುಟಿಬಣ್ಣ ಅವರೇ, ನೀವು ಹೇಳದಿದ್ದರೆ ಆ ಭಾನುವಾರವೇ ಹಾಕಿಬಿಡುತ್ತಿದ್ದೆ.

ನೆಕ್ ನೇರವಾಗಿದೆ, ವಿಸಿಟಿಂಗ್ ಕಾರ್ಡ್ ಕಷ್ಟಪಟ್ಟು ತೂರುವಷ್ಟೇ ಸಂದು. ಸ್ಕ್ರೂ ತೆಗೆದು ನೆಕ್ ಬಿಚ್ಚಿದೆ. ಗುಂಡಿಯಲ್ಲಿ ಆಗಲೇ ಒಂದು ಪಟ್ಟಿ ಇತ್ತು! ಮಡಿಸಿದ ಉಪ್ಪುಕಾಗದ. ಆದರೆ ಅದು ಬ್ರಿಡ್ಜ್ ಕಡೆಗಲ್ಲ, ತಲೆಯ ಕಡೆಯ ತುದಿಯಲ್ಲಿತ್ತು. ಅಂದರೆ ನೀವು ಹೇಳಿದ್ದಕ್ಕೆ ಉಲ್ಟಾ. ಅದನ್ನು ತೆಗೆದು ನೆಕ್ ಕೂರಿಸಿದರೆ ಎತ್ತರ 3 ಮಿ.ಮೀ.ಗೆ ಬಂತು. ಬ್ರಿಡ್ಜ್ ಕಡೆ ಒಂದು ವಿಸಿಟಿಂಗ್ ಕಾರ್ಡ್ ಪಟ್ಟಿ ಇಟ್ಟ ಮೇಲೆ ಎರಡೂವರೆ. ಸುತ್ತಿದ ಮೂರನೇ ತಂತಿ ಹಾಕಿದೆ, ಡಿ ಕಾರ್ಡ್ ಮೊದಲ ಸಲ ಶ್ರುತಿಯಲ್ಲಿ ಕೇಳಿತು. ಗರಗರ ಹೋಯಿತು. ಪಿಕಪ್ ಮುಟ್ಟಿಲ್ಲ.

ಒಂದೇ ಸಂದೇಹ. ಮಾವ ಕೈಕೆಲಸದಲ್ಲಿ ಬಹಳ ಚೊಕ್ಕ. ಅವರೇ ಪಟ್ಟಿ ಇಟ್ಟಿದ್ದರೆ ತಪ್ಪು ತುದಿಯಲ್ಲಿ ಇಡುತ್ತಿರಲಿಲ್ಲ ಅನ್ನಿಸುತ್ತದೆ.

---

ಉತ್ತರ: ಮೂರನೇ ತಂತಿ

ಜೀರೋ ಫ್ರೆಟ್ ಸವೆದು ತಂತಿ ಜರ್ ಎನ್ನುತ್ತಿದ್ದರೆ ಕೆಲವರು ಹಾಗೆ ಎತ್ತರಿಸುವುದುಂಟು. ತಂತಿ ಬಿಟ್ಟು ನುಡಿಸಿದಾಗ ಈಗ ಜರ್ ಎನ್ನುತ್ತದಾ? ಇಲ್ಲ ಎಂದಾದರೆ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಗಿಟಾರಿನ ಪೆಟ್ಟಿಗೆಯಲ್ಲಿ ಬೆರಳು ತೂರುವಷ್ಟು ದೊಡ್ಡ ಗಾಜಿನ ಅಥವಾ ಲೋಹದ ಕೊಳವೆ ಏನಾದರೂ ಇತ್ತಾ?

---

ಉತ್ತರ: ಅಟ್ಟದ ಗಿಟಾರ್

ಜರ್ ಇಲ್ಲ. ಪೆಟ್ಟಿಗೆಯಲ್ಲಿ ಸ್ಟೀಲ್ ಕೊಳವೆ ಇದೆ. ಒಂದು ತುದಿ ಅರದಿಂದ ಉಜ್ಜಿ ನಯ ಮಾಡಿದ್ದಾರೆ. ಅದು ಗಿಟಾರಿನ ಯಾವುದೋ ಬಿಡಿಭಾಗ ಅಂದುಕೊಂಡು ಸ್ಕ್ರೂಗಳ ಡಬ್ಬಿಯಲ್ಲಿ ಹಾಕಿಟ್ಟಿದ್ದೆ.

---

ಉತ್ತರ: ಮೂರನೇ ತಂತಿ

ಹಾಗಿದ್ದರೆ ನಿಮ್ಮ ಮಾವ ಸ್ಲೈಡ್, ಅಂದರೆ ಆ ಕೊಳವೆಯನ್ನು ಬೆರಳಿಗೆ ಹಾಕಿ ತಂತಿಯ ಮೇಲೆ ಜಾರಿಸುತ್ತಾ, ನುಡಿಸುತ್ತಿದ್ದರು. ಸ್ವರದಿಂದ ಸ್ವರಕ್ಕೆ ಎಳೆದುಕೊಂಡು ಹೋಗುವ ನಾದ ಎಂದು ನೀವು ಮೊದಲೇ ಬರೆದಿದ್ದಿರಿ, ನಾನು ಅಲ್ಲೇ ಹಿಡಿಯಬೇಕಿತ್ತು. ಸ್ಲೈಡ್‌ಗೆ ತಂತಿ ಎತ್ತರವೇ ಬೇಕು, ಇಲ್ಲದಿದ್ದರೆ ಕೊಳವೆ ಫ್ರೆಟ್‌ಗೆ ಬಡಿಯುತ್ತದೆ. ಪಟ್ಟಿಯನ್ನು ಬೇಕೆಂದೇ ಆ ತುದಿಯಲ್ಲಿ ಇಟ್ಟಿದ್ದಾರೆ. ಈ ಪಿಕಪ್‌ಗೂ ಸ್ಲೈಡ್‌ಗೂ ಬಹಳ ಹೊಂದಿಕೆ. ಸ್ಲೈಡ್‌ಗೆ ಹೆಸರಾದ ರೈ ಕೂಡರ್ ತಮ್ಮ ಸ್ಟ್ರಾಟೋಕಾಸ್ಟರ್ ಗಿಟಾರಿಗೆ ಹಾಕಿಕೊಂಡಿದ್ದು ಟೀಸ್ಕೋದ ಚಿನ್ನದ ಹಾಳೆಯ ಪಿಕಪ್ಪನ್ನೇ.

ಆ ಉಪ್ಪುಕಾಗದ ಎಸೆಯಬೇಡಿ.

---

ಉತ್ತರ: ಅಟ್ಟದ ಗಿಟಾರ್

ಎಸೆದಿಲ್ಲ, ಕವರಿನಲ್ಲಿ ಹಾಕಿ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ. ನಿನ್ನೆ ರಾತ್ರಿ ಎರಡೂವರೆ ಮಿ.ಮೀ.ನಲ್ಲೇ ಕೊಳವೆ ಹಾಕಿ ನೋಡಿದೆ. ತೆಳ್ಳನೆಯ ತಂತಿಗಳಲ್ಲಿ ಫ್ರೆಟ್‌ಗೆ ಬಡಿಯುತ್ತದೆ. ದಪ್ಪ ತಂತಿಯಲ್ಲಿ ಮೆಲ್ಲಗೆ ಒತ್ತಿದರೆ ಬರುತ್ತದೆ. ಆ ನಾದ ಕೇಳಿ ಅತ್ತೆ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತರು.

ಎರಡಕ್ಕೂ ಹೊಂದುವ ಎತ್ತರ ಯಾವುದು?

---

ಉತ್ತರ: ಮೂರನೇ ತಂತಿ

ಬ್ರಿಡ್ಜ್ ಒಂದು ಮಿ.ಮೀ. ಏರಿಸಿ. ಹನ್ನೆರಡನೇ ಫ್ರೆಟ್‌ನಲ್ಲಿ ಅರ್ಧ ಮಿ.ಮೀ. ಏರಿ 3ಕ್ಕೆ ಬರುತ್ತದೆ. ಬೆರಳಿಗೂ ನಡೆಯುತ್ತದೆ, ಕೊಳವೆಗೂ ನಡೆಯುತ್ತದೆ. ಒಂದನೇ ಎರಡನೇ ತಂತಿಗೆ ಒಂದೊಂದು ಅಳತೆ ದಪ್ಪ ಹಾಕಿ, ಕೊಳವೆಯ ಭಾರ ತಡೆಯುತ್ತವೆ. ಕೊಳವೆ ಫ್ರೆಟ್‌ಗಳ ನಡುವೆ ಅಲ್ಲ, ಫ್ರೆಟ್‌ನ ನೇರ ಮೇಲೆ ಇರಲಿ. ಅದರ ಹಿಂದೆ ಇನ್ನೊಂದು ಬೆರಳನ್ನು ತಂತಿಗಳ ಮೇಲೆ ಹಗುರಾಗಿ ಮಲಗಿಸಿ, ಬೇಡದ ಸದ್ದು ನಿಲ್ಲುತ್ತದೆ.